ಒಣಗದ ಗೋಣಿಚೀಲ

ಒದ್ದೆ ಗೋಣಿಚೀಲದ ಮೇಲೆ ನನಗಿದ್ದಷ್ಟು ನಂಬಿಕೆ ಕೆಲವರಿಗೆ ಮನೆದೇವರ ಮೇಲೂ ಇರಲಿಕ್ಕಿಲ್ಲ. ನನ್ನ ತವರು ಸಂತೆಕಲ್ಲೂರು. ಬೇಸಿಗೆ ಬಂತೆಂದರೆ ಅವ್ವ ಕೋಳಿಗೂಡಿನ ಸುತ್ತ ಹಳೆಯ ಚೀಲ ಕಟ್ಟಿ, ಬೆಳಿಗ್ಗೆ ಒಂದು ಕೊಡ, ಮಧ್ಯಾಹ್ನ ಒಂದು ಕೊಡ ನೀರು ಎರಚುತ್ತಿದ್ದಳು. ಜೋಳ ಕೊಯ್ದ ಬರಿ ಹೊಲದ ಮೇಲಿಂದ ಝಳ ಬಂದು ಮುಖಕ್ಕೆ ಬಡಿಯುತ್ತಿದ್ದರೂ ಗೂಡಿನೊಳಗೆ ಕೈ ಇಟ್ಟರೆ ತಣ್ಣಗಿರುತ್ತಿತ್ತು. ಚಿಕ್ಕವಳಿದ್ದಾಗ ನಾನೇ ಅದರೊಳಗೆ ತೂರಿ ಕೂತು ಬೈಸಿಕೊಂಡಿದ್ದೇನೆ.

ಹಾಗಾಗಿ ಗೊರೇಬಾಳದ ಸೊಸೆಯಾಗಿ ಬಂದು, ಅಲ್ಲಿ ಪಶು ಸಖಿಯ ಕೆಲಸಕ್ಕೆ ಸೇರಿದಾಗ ಬೇಸಿಗೆಯ ಮದ್ದನ್ನು ನಾನು ಹೊಸದಾಗಿ ಕಲಿಯಬೇಕಿರಲಿಲ್ಲ. ಊರಿನ ಕೋಳಿ, ಕುರಿ, ಆಡುಗಳಿಗೆ ಲಸಿಕೆ ಹಾಕುವುದು, ಸಣ್ಣಪುಟ್ಟ ಜಡ್ಡು ನೋಡುವುದು, ಕೈಮೀರಿದರೆ ಸಿಂಧನೂರಿನ ಡಾಕ್ಟರಿಗೆ ಫೋನ್ ಮಾಡುವುದು, ಇಷ್ಟೇ ನನ್ನ ಕೆಲಸ. ಆದರೆ ಲಸಿಕೆಯ ಡಬ್ಬಿ ಹೆಗಲಿಗೆ ಬಿದ್ದರೆ ನನ್ನ ನಡಿಗೆಯೇ ಬೇರೆಯಾಗುತ್ತದೆ ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ಅದು ಸುಳ್ಳೇನಲ್ಲ.

ಇದು ಯುಗಾದಿ ಮುಗಿದ ಮೇಲಿನ ಮಾತು. ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಅಕ್ಕ ಇದ್ದಾಳೆ. ನನಗಿಂತ ಹದಿನೈದು ವರ್ಷ ದೊಡ್ಡವಳು, ಕೂಲಿಗೆ ಹೋಗುತ್ತಾಳೆ, ಮಾತು ಕಡಿಮೆ. ಅವಳ ಹಿತ್ತಲಲ್ಲಿ ಹದಿನಾರು ಕೋಳಿ. ಮದುವೆಯಲ್ಲಿ ಅವಳ ತಾಯಿ ತುರ್ವಿಹಾಳದಿಂದ ಬುಟ್ಟಿಯಲ್ಲಿ ಒಂದು ಬೂದಿ ಬಣ್ಣದ ಹೇಂಟೆ ಕೊಟ್ಟು ಕಳಿಸಿದ್ದಳಂತೆ. ಹದಿನಾರೂ ಅದರ ಪೀಳಿಗೆಯೇ. ಆದರೆ ಓಣಿಯ ಹುಂಜಗಳ ಕೃಪೆಯಿಂದ ಬಣ್ಣ ಕಲೆತು ಕಲೆತು, ಈಗ ಮೊದಲಿನ ಆ ಬೂದಿ ಉಳಿದದ್ದು ಒಂದೇ ಕೋಳಿಯಲ್ಲಿ. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಬೂದಿ ಕೋಳಿ ಈ ಸಲ ಹದಿಮೂರು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು.

ನಾನು ಹೋದಾಗ ಕೋಳಿಗಳೆಲ್ಲ ಗೂಡಿನಲ್ಲೇ ಇದ್ದವು, ಹಾಡಹಗಲು. ಕೊಕ್ಕು ತೆರೆದು, ರೆಕ್ಕೆ ಮೈಯಿಂದ ದೂರ ಹಿಡಿದು ಏದುಸಿರು ಬಿಡುತ್ತಿದ್ದವು.

"ಯಾಕಕ್ಕಾ, ಹೊರಗ ಬಿಡಬಾರದ?" ಅಂದೆ.

"ಎಲ್ಲಿಗಿ ಬಿಡ್ಲಿ? ಹಿತ್ತಲ ದಾಟಿದ್ರ ಗದ್ದಿ. ಎಲ್ಲಾರೂ ಎಣ್ಣಿ ಹೊಡ್ಯಾಕತ್ತಾರ. ಹೋಗಿ ಒಂದು ಕಾಳು ತಿಂದ್ರ ಮುಗೀತು."

ಎಣ್ಣೆ ಎಂದರೆ ಭತ್ತಕ್ಕೆ ಹೊಡೆಯುವ ಕೀಟದ ಔಷಧ. ತೆನೆ ಹಾಲುಗಟ್ಟುವ ಆ ಮೂರ್ನಾಲ್ಕು ವಾರ ಗೊರೇಬಾಳದಲ್ಲಿ ಕೋಳಿ ಸಾಕಿದವರೆಲ್ಲ ಹಗಲೂ ಗೂಡು ಮುಚ್ಚುತ್ತಾರೆ. ನನ್ನ ತವರಿನ ಕೋಳಿಗಳು ಬೇವಿನ ನೆರಳಲ್ಲಿ ಮಣ್ಣು ಕೆದರಿಕೊಂಡು ಬೇಸಿಗೆ ಕಳೆಯುತ್ತವೆ. ಇಲ್ಲಿ ಆ ಸುಖವಿಲ್ಲ.

ಅಕ್ಕ ಗಡಿಗೆಯಿಂದ ಒಂದು ಚರಿಗೆ ನೀರು ತಂದು ಕೊಟ್ಟಳು. "ಕುಡಿ. ತಣ್ಣಗಿಲ್ಲ ನೋಡು. ನಮ್ಮೂರ ಗಡಿಗಿ ನೀರು ಈ ದಿನದಾಗ ಹಿಂಗ" ಅಂದಳು. ಕುಡಿದೆ. ಬೆಚ್ಚಗಿತ್ತು. ಗಡಿಗೆ ಹಳೆಯದಾಗಿ ಅದರ ರಂಧ್ರ ಮುಚ್ಚಿರಬೇಕು ಎಂದುಕೊಂಡು, ಹೊಸ ಗಡಿಗೆ ತಗೋ ಎಂದು ಅದಕ್ಕೂ ಒಂದು ಉಪದೇಶ ಮಾಡಿದೆ.

ಆಮೇಲೆ ಗೂಡು ನೋಡಿದೆ. ಆಳೆತ್ತರಕ್ಕಿಂತ ಕಡಿಮೆ, ಮೇಲೆ ತಗಡು, ಪಡುವಣಕ್ಕೆ ಅಕ್ಕನೇ ಇಟ್ಟಿಗೆ ಮಣ್ಣಿನಲ್ಲಿ ಕಟ್ಟಿದ ಗೋಡೆ, ಉಳಿದ ಮೂರು ಕಡೆ ಜಾಳಿಗೆ. ಗೋಡೆಯ ಒಳಬದಿಗೆ ಇದ್ದಿಲಿನಿಂದ ಒಂಬತ್ತು ಗೆರೆ ಎಳೆದಿತ್ತು, ಬೂದಿ ಕೋಳಿ ಕಾವಿಗೆ ಕೂತ ದಿನಗಳ ಲೆಕ್ಕ. ಅದರ ಬುಟ್ಟಿ ಆ ಗೋಡೆಯ ಬುಡದಲ್ಲೇ ಇತ್ತು. ನಾನು ತಗಡಿನ ಮೇಲೆ ಭತ್ತದ ಹುಲ್ಲು ಹೊದಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೂರೂ ಕಡೆಯ ಜಾಳಿಗೆಗೆ ಗೋಣಿಚೀಲ ಹೊಲಿದು ಕಟ್ಟಿಸಿ, ದಿನಕ್ಕೆ ಎರಡು ಸಲ ತೊಯ್ಯಿಸಲು ಹೇಳಿದೆ.

ಅಕ್ಕ ಚೀಲ ಮುಟ್ಟಿ ನೋಡಿದಳು. ಏನೋ ಹೇಳಲು ಬಾಯಿ ತೆರೆದಂತೆ ಮಾಡಿ ಸುಮ್ಮನಾದಳು. ನಾನು ಆಗಲೇ ಮುಂದಿನ ಮನೆಗೆ ಹೊರಟಿದ್ದೆ.

ಎರಡು ದಿನ ಸುಮಾರಾಗಿ ನಡೆಯಿತು. ಗಾಳಿ ಇತ್ತು. ಮೂರನೆಯ ದಿನ ಮೋಡ ಕವಿದು, ಗಾಳಿ ಬಿದ್ದುಹೋಯಿತು. ಸುತ್ತ ಗದ್ದೆಯಲ್ಲಿ ನಿಂತ ನೀರು, ಮೇಲೆ ಬಿಸಿಲು ಮೋಡ, ನಡುವೆ ನಾವು. ಬೆವರು ಒರೆಸಿಕೊಂಡರೆ ಒರೆಸಿದ ಜಾಗದಲ್ಲೇ ಮತ್ತೆ ಬೆವರು. ಇಂಥ ಹವಾಕ್ಕೆ ಇಲ್ಲಿಯವರು ಕುದಿ ಅನ್ನುತ್ತಾರೆ. ಮಧ್ಯಾಹ್ನ ಎರಡರ ಹೊತ್ತಿಗೆ ಅಕ್ಕ ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ಎರಡೂ ಕೈಯಲ್ಲಿ ಒಂದೊಂದು ಸತ್ತ ಕೋಳಿ.

"ಬೆಳಿಗ್ಗಿ ಛಲೋ ಇದ್ವು ತಂಗಿ. ನುಚ್ಚು ಹಾಕಿದ್ರ ಓಡಿ ಬಂದು ತಿಂದ್ವು."

ನನಗೆ ಮೊದಲು ಹೊಳೆದದ್ದು ಕೊಕ್ಕರೆ ರೋಗ. ಅದು ಹೊಕ್ಕರೆ ಗೂಡಷ್ಟೇ ಅಲ್ಲ, ಓಣಿಯೇ ಖಾಲಿ. ಆದರೆ ಲಸಿಕೆ ನಾನೇ ಹಾಕಿದ್ದೆ. ಹಿಕ್ಕೆ ನೋಡಿದೆ, ಹಸಿರಿರಲಿಲ್ಲ. ಬದುಕಿದ್ದವುಗಳಲ್ಲಿ ಕುತ್ತಿಗೆ ತಿರುಚಿದ್ದು ಒಂದೂ ಇಲ್ಲ. ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ರೋಗ ಅಲ್ಲ ಅನಸ್ತದ. ಸೆಕಿಗೆ ಹೋಗ್ಯಾವ. ತಂಪು ಮಾಡಾಕ ಏನ ಮಾಡೀರಿ?" ಅಂದರು.

"ಎಲ್ಲಾ ಮಾಡೀನ್ರಿ ಸರ" ಅಂದೆ. ಏನು ಮಾಡಿದ್ದೇನೆ ಎಂದು ಬಿಡಿಸಿ ಹೇಳಲಿಲ್ಲ. ಅವರೂ ಯಾವುದೋ ಎಮ್ಮೆಯ ಹೆರಿಗೆಯಲ್ಲಿದ್ದರು.

ಸೆಕೆ ಎಂದ ಮೇಲೆ ನನಗೆ ಒಂದೇ ದಾರಿ ಕಂಡಿತು: ಇನ್ನಷ್ಟು ನೀರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿಯವಳು ನಾನು. ಚೀಲ ಎರಡು ಪದರ ಮಾಡಿಸಿದೆ. ಎರಡು ಸಲದ ಬದಲು ನಾಲ್ಕು ಸಲ ತೊಯ್ಯಿಸಿದೆವು. ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟಿನ ಮೇಲೂ ನೀರು ಚಿಮುಕಿಸಿದೆ. ಮರುದಿನ ಮಧ್ಯಾಹ್ನ ಮೂರನೆಯ ಕೋಳಿ ಸತ್ತಿತು. ಕೆಂಪು ಬಣ್ಣದ್ದು, ದಿನಬಿಟ್ಟು ದಿನ ತಪ್ಪದೆ ಮೊಟ್ಟೆ ಇಡುತ್ತಿದ್ದದ್ದು. ಅಕ್ಕ ಈ ಸಲ ನನ್ನ ಮನೆಗೆ ಬರಲಿಲ್ಲ. ನಾನೇ ಹೋದಾಗ ಹಿತ್ತಲ ಮೂಲೆಯಲ್ಲಿ ಗುಂಡಿ ತೋಡುತ್ತಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಆ ಹೊತ್ತು ನಾನು ಮೊದಲ ಸಲ ಗೂಡಿನೊಳಗೆ ಪೂರ್ತಿ ಹೋದೆ. ಬಗ್ಗಿ ಒಳಗೆ ನುಸುಳಿ, ಚೀಲ ಇಳಿಬಿಟ್ಟುಕೊಂಡು ಕೂತೆ. ಕುದಿಯುವ ಅನ್ನದ ಪಾತ್ರೆಯ ಮುಚ್ಚಳ ತೆಗೆದು ಮುಖ ಇಟ್ಟ ಹಾಗಿತ್ತು. ತೊಯ್ದ ಹೊಟ್ಟು, ಹಿಕ್ಕೆ ಸೇರಿ ಘಾಟು ಎದ್ದು ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿಗೆ ಉಸಿರು ಮೇಲೆ ಕೆಳಗೆ ಆಗತೊಡಗಿತು. ಎದುರಿಗೆ ಬುಟ್ಟಿಯಲ್ಲಿ ಬೂದಿ ಕೋಳಿ ಕೂತಿತ್ತು. ಕೊಕ್ಕು ತೆರೆದು ಏದುತ್ತ, ಗಂಟಲು ಪಟಪಟ ಬಡಿಯುತ್ತ, ಆದರೂ ಮೊಟ್ಟೆ ಬಿಟ್ಟು ಏಳದೆ. ಮಿಕ್ಕ ಕೋಳಿಗಳು ತಡೆಯದಾದರೆ ಮೂಲೆ ಹುಡುಕುತ್ತವೆ. ಇದಕ್ಕೆ ಆ ದಾರಿಯೂ ಇಲ್ಲ. ನಾಳೆ ಇದೇ ಸಾಯುತ್ತದೆ ಅನ್ನಿಸಿ ಹೆದರಿಕೆಯಾಯಿತು.

ಹೊರಗೆ ಬರುವಾಗ ಕೈ ಚೀಲಕ್ಕೆ ತಾಗಿತು. ಬೆಳಿಗ್ಗೆ ತೊಯ್ಯಿಸಿದ ಪದರ. ಹಿಂಡಿದೆ. ನೀರು ಸುರಿಯಿತು. ನನಗೆ ಅಲ್ಲೇ ಏನೋ ಕೊರೆಯತೊಡಗಿತು. ಅವ್ವ ದಿನಕ್ಕೆ ಎರಡು ಸಲ ಯಾಕೆ ನೀರು ಎರಚುತ್ತಿದ್ದಳು? ಚೀಲ ಒಣಗಿಹೋಗುತ್ತಿತ್ತು, ಅದಕ್ಕೆ. ಇಲ್ಲಿಯ ಚೀಲ ಒಣಗೇ ಇಲ್ಲ. ಮನೆಗೆ ಬಂದು ಅವ್ವನಿಗೆ ಫೋನ್ ಮಾಡಿದರೆ, "ನಮ್ಮ ಕೋಳಿ ಆರಾಮ ಅದಾವ. ಚೀಲ ಕಟ್ಟೀನಲ್ಲ" ಅಂದಳು. ಅದೇ ಚೀಲ, ಅದೇ ನೀರು. ಅಲ್ಲಿ ಬದುಕಿಸುವುದು ಇಲ್ಲಿ ಕೊಲ್ಲುವುದು ಹೇಗೆ? ಕಣ್ಣಾರೆ ನೋಡದೆ ನನಗೆ ಸಮಾಧಾನವಿರಲಿಲ್ಲ. ಹಳೆಯ ಗೋಣಿಯಿಂದ ಅಂಗೈ ಅಗಲದ ಎರಡು ತುಂಡು ಕತ್ತರಿಸಿ ಒಂದನ್ನು ಅತ್ತೆಯ ಕೈಗೆ ಕೊಟ್ಟೆ.

"ನಾಳಿ ನಾ ಫೋನ್ ಮಾಡಿದಾಗ ಇದನ್ನ ತೊಯ್ಸಿ ಹಗ್ಗದ ಮ್ಯಾಲ ಹಾಕ್ರಿ ಅತ್ತೀ."

ಅತ್ತೆ ತುಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕೋಳಿಗೆ ಬಡಿದ ಸೆಕಿ ನಿನ್ನ ತಲಿಗೂ ಬಡೀತೇನ?" ಅಂದರು. ಆದರೆ ತುಂಡನ್ನು ಜೋಪಾನವಾಗಿ ಗೂಟಕ್ಕೆ ಸಿಕ್ಕಿಸಿಟ್ಟರು.

ಬೆಳಿಗ್ಗೆ ಮೊದಲ ಬಸ್ಸಿಗೆ ಮಸ್ಕಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಸಂತೆಕಲ್ಲೂರು ಸೇರುವಾಗ ಒಂಬತ್ತು ದಾಟಿತ್ತು. ಮಸ್ಕಿ ಬಿಟ್ಟ ಮೇಲೆ ಭತ್ತದ ಹಸಿರು ಮಾಯವಾಗಿ ಕಪ್ಪು ಹೊಲ ಶುರುವಾಗುತ್ತದೆ. ಆಟೋದಲ್ಲಿ ಕೂತವಳಿಗೆ ಒಂದು ಗೊತ್ತಾಯಿತು: ಬಿಸಿಲು ಗೊರೇಬಾಳಕ್ಕಿಂತ ಖಾರ, ಆದರೆ ರವಿಕೆಯ ಬೆವರು ಆರಿಹೋಗಿತ್ತು. ಇಷ್ಟು ವರ್ಷ ಈ ದಾರಿಯಲ್ಲಿ ಓಡಾಡಿದ್ದೇನೆ, ಒಂದು ದಿನವೂ ಅದನ್ನು ಗಮನಿಸಿರಲಿಲ್ಲ.

ಮನೆ ಹೊಕ್ಕ ಕೂಡಲೆ ಅವ್ವ ಗಡಿಗೆಯ ನೀರು ಕೊಟ್ಟಳು. ಗಟಗಟ ಕುಡಿದೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಚರಿಗೆ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಗೊರೇಬಾಳದ ಅಕ್ಕನ ಮಾತು ಕಿವಿಯಲ್ಲಿ ಕೇಳಿಸಿತು: ನಮ್ಮೂರ ಗಡಿಗಿ ನೀರು ಈ ದಿನದಾಗ ಹಿಂಗ. ಗಡಿಗೆ ಹಳೆಯದಾಗಿರಲಿಲ್ಲ. ಗಡಿಗೆ ಸರಿಯಾಗಿಯೇ ಇತ್ತು.

ಆದರೂ ಅತ್ತೆಗೆ ಫೋನ್ ಮಾಡಿ, ಅಲ್ಲಿ ಅವರು, ಇಲ್ಲಿ ನಾನು, ಒಂದೇ ಹೊತ್ತಿಗೆ ಗೋಣಿಯ ತುಂಡು ತೊಯ್ಯಿಸಿ ಹಾಕಿದೆವು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯಲು ಕೂತಳು. ಹಿಟ್ಟು ಮುಗಿಯುವಷ್ಟರಲ್ಲಿ ನನ್ನ ತುಂಡು ಹಪ್ಪಳದಂತೆ ಗರಿಗರಿಯಾಗಿತ್ತು. ಅತ್ತೆಗೆ ಫೋನ್ ಮಾಡಿದೆ.

"ನಿಮ್ಮದು ಒಣಗೀತೇನ್ರಿ ಅತ್ತೀ?"

"ಎಲ್ಲಿ ಒಣಗತೈತಿ? ಹಿಂಡಿದ್ರ ಇನ್ನಾ ನೀರು ಬರ್ತೈತಿ. ಮುಂಜಾನಿಯಿಂದ ಗಾಳಿನ ಇಲ್ಲ."

ಕೇಳಿದ ಕ್ಷಣ ಎಲ್ಲ ಬಿಡಿಸಿಕೊಂಡಿತು. ಚೀಲ ತಂಪು ಮಾಡುವುದು ಒದ್ದೆಯಿಂದಲ್ಲ, ಒಣಗುವುದರಿಂದ. ನೀರು ಆರಿಹೋಗುವಾಗ ಸುತ್ತಲಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ಸುತ್ತ ಗದ್ದೆಯ ನೀರಿನ ಪಸೆ ತುಂಬಿಕೊಂಡ ಗಾಳಿಯಲ್ಲಿ ಅದು ಆರುವುದಾದರೂ ಹೇಗೆ? ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಹೊಳೆಯಿತು. ಕೋಳಿಗೆ ಬೆವರಿಲ್ಲ. ಅದು ಕೊಕ್ಕು ತೆರೆದು ಏದುವುದೇ ಗಂಟಲಿನ ಪಸೆಯನ್ನು ಆರಿಸಿ ಮೈ ತಂಪು ಮಾಡಿಕೊಳ್ಳಲು. ತರಬೇತಿಯಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದ ಮಾತು ಇದು. ನಾನು ಗೂಡಿನ ಗಾಳಿಯನ್ನೇ ಒದ್ದೆ ಮಾಡಿ, ಅದು ಹೊರಗೆ ಹೋಗದಂತೆ ಮೂರೂ ಕಡೆ ಮುಚ್ಚಿ, ಅವಕ್ಕಿದ್ದ ಒಂದೇ ದಾರಿಯನ್ನು ಕಸಿದಿದ್ದೆ. ಮೂರು ಕೋಳಿಯನ್ನು ಸೆಕೆ ಕೊಂದಿರಲಿಲ್ಲ. ನಾನು ಕೊಂದಿದ್ದೆ.

ಬಸ್ಸು ಹಿಡಿದು ನಾನು ಊರು ಮುಟ್ಟುವವರೆಗೆ ಕಾಯಲು ಹೊತ್ತಿರಲಿಲ್ಲ. ಬೆಳಿಗ್ಗೆ ಹೊರಡುವ ಮುಂಚೆ ಚೀಲಗಳಿಗೆ ನೀರು ಎರಚಿ ಬಂದವಳೂ ನಾನೇ. ಅಕ್ಕನ ಬಳಿ ಫೋನಿಲ್ಲ. ಮತ್ತೆ ಅತ್ತೆಯೇ ಗತಿ.

"ಅತ್ತೀ, ಜಲ್ದಿ ಅಕ್ಕನ ಮನಿಗೆ ಹೋಗ್ರಿ. ಚೀಲ ಎಲ್ಲಾ ಕಿತ್ತು ಒಗೀರಿ."

"ನಿನ್ನಿ ನಾಕು ಸಲ ತೊಯ್ಸ್ರಿ ಅಂದಿ, ಇವತ್ತ ಕಿತ್ತು ಒಗೀರಿ ಅಂತಿ. ಓಣ್ಯಾಗ ನಾ ಏನಂತ ಹೇಳ್ಲಿ?"

"ನಿಮ್ಮ ಸೊಸಿ ತಪ್ಪು ಹೇಳ್ಯಾಳ ಅಂತ ಹೇಳ್ರಿ."

ನನ್ನ ಬಾಯಲ್ಲಿ ಆ ಮಾತನ್ನು ಅವರು ಕೇಳಿದ್ದು ಅದೇ ಮೊದಲು. "ಹೊಂಟೆ" ಅಂದು ಫೋನಿಟ್ಟರು.

ಬಸ್ಸಿನಿಂದಲೇ ಡಾಕ್ಟರಿಗೆ ಫೋನ್ ಮಾಡಿ, ಈ ಸಲ ಏನೇನು ಮಾಡಿದ್ದೆ ಎನ್ನುವುದನ್ನೆಲ್ಲ ಬಿಡಿಸಿ ಒಪ್ಪಿಸಿದೆ. ಅವರು ನಗಲಿಲ್ಲ. "ನೀರು ಗೂಡಿಗಿ ಬ್ಯಾಡ, ಕೋಳಿ ಹೊಟ್ಟಿಗಿ ಹೋಗ್ಲಿ. ಗೂಡಿಗಿ ಗಾಳಿ ಬೇಕು. ಮಧ್ಯಾಹ್ನ ಕಾಳು ಹಾಕಬ್ಯಾಡ್ರಿ, ಅರಗಸೋ ಕಾವೂ ಅದಕ್ಕ ಭಾರ" ಅಂದರು.

ಗೊರೇಬಾಳದಲ್ಲಿ ಇಳಿದು ಓಡಿದೆ. ಅತ್ತೆಯೂ ಅಕ್ಕನೂ ಸೇರಿ ಚೀಲ ಕಿತ್ತು, ತೊಯ್ದ ಹೊಟ್ಟನ್ನೆಲ್ಲ ಬಳಿದು ಹೊರಗೆ ಹಾಕಿದ್ದರು. ಹನ್ನೆರಡು ಕೋಳಿಗಳು ಜಾಳಿಗೆಗೆ ಕೊಕ್ಕು ಹಚ್ಚಿಕೊಂಡು ನಿಂತಿದ್ದವು. ಬೂದಿ ಕೋಳಿ ಬುಟ್ಟಿಯಲ್ಲಿ ಇತ್ತು, ಕುತ್ತಿಗೆ ಜೋಲಿತ್ತು, ಕಣ್ಣು ಅರೆಮುಚ್ಚಿತ್ತು. ಬೆಲ್ಲ, ಒಂದು ಚಿಟಿಕೆ ಉಪ್ಪು ಕದಡಿದ ನೀರನ್ನು ಅಗಲದ ತಟ್ಟೆಯಲ್ಲಿ ಅದರ ಕೊಕ್ಕಿಗೆ ಹಿಡಿದೆ. ಎರಡು ಗುಟುಕು ಕುಡಿಯಿತು. ಆದರೆ ಮಧ್ಯಾಹ್ನ ಇನ್ನೂ ಬಾಕಿ ಇತ್ತು. ಮೂರು ಕಡೆ ತೆರೆದರೂ ಗಾಳಿ ಆಡುತ್ತಿರಲಿಲ್ಲ. ಇದ್ದ ಒಂದೆಳೆ ಗಾಳಿ ಪಡುವಣದಿಂದ ಬರುತ್ತಿತ್ತು, ಪಡುವಣಕ್ಕೆ ಗೋಡೆ. ಆ ಗೋಡೆಯ ಬುಡದಲ್ಲೇ ಈ ಕೋಳಿ.

"ಬುಟ್ಟಿನ ಎತ್ತಿ ಬ್ಯಾರೆ ಕಡಿ ಇಡೋಣೇನಕ್ಕಾ?" ಅಂದೆ. ಈ ಸಲ ಹೇಳಲಿಲ್ಲ, ಕೇಳಿದೆ.

ಅಕ್ಕ ತಲೆಯಾಡಿಸಿದಳು. "ಇದರ ಸ್ವಭಾವ ನನಗ ಗೊತ್ತೈತಿ. ಜಾಗ ಬದಲಿ ಮಾಡಿದ್ರ ಮತ್ತ ಕಾವಿಗೆ ಕೂಡಂಗಿಲ್ಲ. ಕೋಳಿ ಏಳಬಾರದು. ಏಳೂದಿದ್ರ ಗ್ವಾಡಿ ಏಳ್ಲಿ, ಕೆಡವೂನು. ತಗೊಂಡು ಬಾ ಹಾರಿ."

ಆ ಗೋಡೆಯನ್ನು ಮುಂಗುಲಿ, ಬೆಕ್ಕಿನ ಕಾಟಕ್ಕೆ ಅವಳೇ ಎರಡು ಭಾನುವಾರ ಕೂತು ಕಟ್ಟಿದ್ದಳು. ಹಾರೆಯನ್ನು ನಾನು ತಂದರೂ ಮೊದಲ ಪೆಟ್ಟು ಹಾಕಿದವಳು ಅವಳೇ. ಧಡ್ ಎಂದು ಬಡಿದರೆ ಕೋಳಿ ಬೆದರುತ್ತದೆ ಎಂದು ಒಂದೊಂದೇ ಇಟ್ಟಿಗೆ ಮೀಟಿ, ಕೈಗೆ ತೆಗೆದುಕೊಂಡೆವು. ಇದ್ದಿಲಿನ ಗೆರೆಗಳಿದ್ದ ಸಾಲು ಬಂದಾಗ ಅಕ್ಕ ಕೈ ತಡೆದು ಎಣಿಸಿದಳು. "ಹದಿನಾಕು. ನೆನಪಿಟ್ಕೋ" ಅಂದಳು. ಬುಟ್ಟಿಯ ಬೆನ್ನಿಗೆ ಎರಡು ಸಾಲು ಇಟ್ಟಿಗೆ ಬಿಟ್ಟು ಉಳಿದದ್ದನ್ನೆಲ್ಲ ಇಳಿಸಿದೆವು. ಆ ಜಾಗಕ್ಕೆ ಜಾಳಿಗೆ ಬಿಗಿದೆವು. ಇಳಿಬಿಸಿಲು ಒಳಗೆ ಬೀಳದಂತೆ, ಗಾಳಿಗೆ ಅಡ್ಡವೂ ಆಗದಂತೆ, ಹೊರಗೆ ನಾಲ್ಕು ಗಳ ನೆಟ್ಟು ಭತ್ತದ ಹುಲ್ಲಿನ ಇಳಿಚಪ್ಪರ ಹಾಕಿದೆವು. ಎರಡು ಪರಾತಗಳಲ್ಲಿ ಬೋರಿನ ನೀರು ಬೆರಳಾಳ ಹಾಕಿಟ್ಟರೆ, ಕೋಳಿಗಳು ಕುಡಿಯುವುದಷ್ಟೇ ಅಲ್ಲ, ಅದರಲ್ಲೇ ಇಳಿದು ಕಾಲು ಅದ್ದಿಕೊಂಡು ನಿಂತವು.

ನಾಲ್ಕರ ಸುಮಾರಿಗೆ ಪಡುವಣದಿಂದ ಗಾಳಿ ಎದ್ದಿತು. ಜೋರೇನಲ್ಲ. ಬೂದಿ ಕೋಳಿಯ ಕುತ್ತಿಗೆಯ ಪುಕ್ಕ ಅಲುಗಿದ್ದನ್ನು ನಾವಿಬ್ಬರೂ ನೋಡಿದೆವು. ಸ್ವಲ್ಪ ಹೊತ್ತಾದ ಮೇಲೆ ಅದರ ಕೊಕ್ಕು ಮುಚ್ಚಿತು. ನನಗೆ ಅಳು ಬಂತು, ಅತ್ತೆಯ ಮುಂದೆ ಅಳಬಾರದೆಂದು ಪರಾತಕ್ಕೆ ನೀರು ತರುವ ನೆಪದಲ್ಲಿ ಎದ್ದು ಹೋದೆ.

ಮುಂದಿನ ಏಳು ದಿನ ದಿನಕ್ಕೆ ಮೂರು ಸಲ ಹೋಗಿ ನೋಡುತ್ತಿದ್ದೆ. ನುಚ್ಚು ಹಾಕುತ್ತಿದ್ದದ್ದು ಬೆಳಕು ಹರಿಯುವಾಗ ಒಮ್ಮೆ, ಸೂರ್ಯ ಇಳಿದ ಮೇಲೆ ಒಮ್ಮೆ ಮಾತ್ರ. ಹೊಟ್ಟನ್ನು ಬೆರಳು ದಪ್ಪ ಮಾತ್ರ, ಒಣಗಿದ್ದನ್ನೇ ಹಾಸಿದೆವು. ಎರಡು ದಿನ ಮತ್ತೆ ಗಾಳಿ ಬಿತ್ತು. ಆಗ ಅಕ್ಕ ಬುಟ್ಟಿಯ ಪಕ್ಕ ಕೂತು ಮೊರ ಹಿಡಿದು ಬೀಸಿದಳು, ಅವಳ ಕೈ ಸೋತಾಗ ನಾನು. ಓಣಿಯವರು ನೋಡಿ, ಕೋಳಿಗೆ ಬಾಣಂತನ ನಡೆದೈತಿ ಎಂದು ನಕ್ಕರು. ಗದ್ದೆಯಲ್ಲಿ ಎಣ್ಣೆ ಹೊಡೆಯುವುದು ಮುಗಿಯುವವರೆಗೆ ಮತ್ತೊಂದು ಕೋಳಿಯೂ ಸಾಯಲಿಲ್ಲ.

ಲೆಕ್ಕದ ಇಪ್ಪತ್ತೊಂದನೆಯ ದಿನ ಏನೂ ಆಗಲಿಲ್ಲ. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಅಕ್ಕ ಕರೆದಳು. ಬುಟ್ಟಿಗೆ ಕಿವಿ ಹಚ್ಚಿದರೆ ಚಿಂವ್ ಚಿಂವ್. ಹದಿಮೂರರಲ್ಲಿ ಎಂಟು ಒಡೆದವು. ಎಂಟರಲ್ಲಿ ಮೂರು ಬೂದಿ. ನಾನು ಹಿಗ್ಗಿ, "ಮೂರು ಹೋದ್ವು, ಎಂಟು ಬಂದ್ವಲ್ಲಕ್ಕಾ" ಅಂದುಬಿಟ್ಟೆ.

"ಹಂಗ ಕೂಡ್ಸಿ ಕಳೀಬ್ಯಾಡ. ಹೋದವು ಹೋದ್ವು" ಅಂದಳು. ಮರಿಯೊಂದನ್ನು ಅಂಗೈಯಲ್ಲಿಟ್ಟುಕೊಂಡು ಅದರ ಬೆನ್ನು ಸವರಿದಳು. ಆಮೇಲೆ, ನಾನು ಕೇಳದೆಯೇ ಹೇಳಿದಳು: "ನೀ ಚೀಲ ಕಟ್ಟಸಿದ ದಿನನ ನನಗ ಅನಸಿತ್ತು. ಈ ದಿನದಾಗ ನಮ್ಮೂರಾಗ ಉಟ್ಟ ಸೀರಿ ಒಣಗಂಗಿಲ್ಲ, ಇದೆಂಗ ಒಣಗತೈತಿ ಅಂತ. ಕಲ್ತಾಕಿ ನೀ ಹೇಳಾಕತ್ತಿದ್ದಿ, ಅದಕ್ಕ ಸುಮ್ಮಕಿದ್ದೆ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಲ್ಲಿ ಮದ್ದು ಹಿತ್ತಲಲ್ಲೇ ಬಾಯಿ ಮುಚ್ಚಿಕೊಂಡು ನಿಂತಿತ್ತು, ಬಾಯಿ ಮುಚ್ಚಿಸಿದ್ದು ನನ್ನ ಹೆಗಲ ಮೇಲಿನ ಡಬ್ಬಿ. ಅವಳು ಒಳಗೆ ಹೋಗಿ ಒಂದು ಚರಿಗೆ ನೀರು ತಂದಳು. ಬೆಚ್ಚಗಿನ ನೀರು. ಪೂರ್ತಿ ಕುಡಿದೆ.

ಈಗ ಬೇಸಿಗೆಯಲ್ಲಿ ಯಾರ ಮನೆಯ ಕೋಳಿ ನೋಡಲು ಹೋದರೂ ಮೊದಲು ಗಡಿಗೆಯ ನೀರು ಕೇಳುತ್ತೇನೆ. ಕರೆ ಬಂದದ್ದು ಲಿಂಗಸುಗೂರು ಕಡೆಯ ಒಣ ಊರಿಂದಾಗಲಿ, ಕಾಲುವೆ ಬದಿಯ ತುರ್ವಿಹಾಳದಿಂದಾಗಲಿ. ದೂರದಿಂದ ಬಂದಾಳ, ಬಾಯಾರಿರಬೇಕು ಎಂದು ಜನ ಓಡಿ ತರುತ್ತಾರೆ. ನೀರು ತಣ್ಣಗಿದ್ದರೆ ಚೀಲದ ಮಾತು ತೆಗೆಯುತ್ತೇನೆ. ಬೆಚ್ಚಗಿದ್ದರೆ ಡಬ್ಬಿಯನ್ನು ಹೆಗಲಿನಿಂದ ಕೆಳಗಿಟ್ಟು, ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ಆ ಮನೆಯ ಹೆಂಗಸನ್ನೇ ಕೇಳುತ್ತೇನೆ. ಕೇಳಿದ ಮೇಲೆ, ಅವಳು ಹೇಳುವವರೆಗೂ ಕಾಯುತ್ತೇನೆ.